ಮಗ್ಗ ನಿಂತ ಮೇಲೂ ಕಿವಿಯಲ್ಲಿ ಸದ್ದು ನಿಲ್ಲುತ್ತಿಲ್ಲ, ಏನು ಮಾಡಲಿ?

ಮಗ್ಗದಮನೆ, ದೊಡ್ಡಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಪವರ್‌ಲೂಮ್ ಮನೆ. ಮುಂದೆ ಮಗ್ಗ, ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆ. ಲಾಳಿ ಬಡಿಯುವ ಸದ್ದಿನಲ್ಲೇ ಹುಟ್ಟಿ ಬೆಳೆದವನು. ಈಗ ವಯಸ್ಸು 46. ಹೋದ ದೀಪಾವಳಿ ಆದಮೇಲೆ ಎರಡೂ ಕಿವಿಯಲ್ಲಿ 'ಕೀ' ಅಂತ ಸಣ್ಣ ಸದ್ದು ಶುರುವಾಗಿದೆ. ಮಗ್ಗ ಓಡುವಾಗ ಗೊತ್ತೇ ಆಗುವುದಿಲ್ಲ. ಕರೆಂಟ್ ಹೋದರೆ ಸಾಕು, ಎದ್ದು ಕೂರುತ್ತದೆ. ಬೀದಿಯವರೆಲ್ಲ ಕೂಲಿ ಹೋಯಿತು ಅಂತ ಕರೆಂಟಿಗೆ ಕಾಯುತ್ತಾರೆ. ನಾನು ಈ ಸದ್ದು ಮುಚ್ಚಿಹೋಗಲಿ ಅಂತ ಕಾಯುತ್ತೇನೆ.

ರಾತ್ರಿಯಂತೂ ಕೇಳಬೇಡಿ. ಹೆಂಡತಿಯನ್ನು ಎಬ್ಬಿಸಿ "ಸ್ಟೆಬಿಲೈಸರ್ ಏನಾದರೂ ಕೂಗ್ತಾ ಇದೆಯಾ ನೋಡು" ಅಂದಿದ್ದೇನೆ. ಅವಳಿಗೆ ಏನೂ ಕೇಳಿಸುವುದಿಲ್ಲ. ಕಿವಿ ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ, "ಗುಗ್ಗೆ ಇಲ್ಲ, ಪರದೆ ಚೆನ್ನಾಗಿದೆ. ಇದು ಟಿನಿಟಸ್. ಇದರ ಜೊತೆ ಬದುಕೋದು ಕಲೀರಿ" ಅಂದರು. ಹೇಗೆ ಕಲಿಯಬೇಕು ಅಂತ ಹೇಳಲಿಲ್ಲ. ಹೊರಗೆ ಬಾಗಿಲವರೆಗೂ ಜನ ನಿಂತಿದ್ದರು, ನನಗೂ ಕೇಳೋಕೆ ಬಾಯಿ ಬರಲಿಲ್ಲ. ವಿಟಮಿನ್ ಮಾತ್ರೆ ಬರೆದುಕೊಟ್ಟರು, ಅಷ್ಟೇ.

ಈಗ ಫೋನ್ ತೆಗೆದರೆ ಸಾಕು, 'ಕಿವಿ ಸದ್ದು ಬೇರುಸಹಿತ ಮಾಯ' ಅನ್ನುವ ಡ್ರಾಪ್ಸ್ ಜಾಹೀರಾತು. ತರಿಸಲಾ? ಇದು ಹೋಗ್ತಾ ಹೋಗ್ತಾ ಕಿವುಡು ಆಗುತ್ತಾ? ಅನುಭವ ಇರುವವರು ದಯವಿಟ್ಟು ಹೇಳಿ.

ಹೊಲಗದ್ದೆ, ಹಾಸನ

ಅಣ್ಣ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ಹನಿ ಬಿಡಿ. ನಮ್ಮಜ್ಜಿ ಮಾಡುತ್ತಿದ್ದರು.

ಚಂಡೆಯವ, ಕುಂದಾಪುರ

ಎಣ್ಣೆ ಬೇಡ ಮಾರಾಯ್ರೆ. ಎಣ್ಣೆ ಪರದೆಯ ಹೊರಗೇ ನಿಲ್ಲುತ್ತದೆ. ನಿಮ್ಮ ತೊಂದರೆ ಅದರ ಒಳಗಿರುವ ಹಾಗೆ ಕಾಣುತ್ತದೆ.

ನಾನು ಯಕ್ಷಗಾನ ಮೇಳದಲ್ಲಿ ಚಂಡೆ ಬಾರಿಸುವವನು. ತಿರುಗಾಟ ಶುರುವಾದರೆ ಮಳೆಗಾಲ ಬರುವವರೆಗೂ ರಾತ್ರಿಯೇ ಕೆಲಸ. ಯುದ್ಧದ ಪ್ರಸಂಗ ಬಂದರೆ ನನ್ನ ಕಿವಿಯ ಪಾಡು ನೀವೇ ಲೆಕ್ಕ ಹಾಕಿ. ನನಗೂ ಇದೇ 'ಕೀ' ಇದೆ, ವರ್ಷಗಳಾದವು. ಈಗ ಟೈಪ್ ಮಾಡುವಾಗಲೂ ಇದೆ.

ನಿಮ್ಮ ಡಾಕ್ಟರ್ ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಹೇಳಿ ಕಳಿಸಿದರು, ಅದಕ್ಕೆ ನನಗೆ ಸಿಟ್ಟು. ನನಗೆ ಕಿವಿ ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದಳು. ಒಳಕಿವಿಯಲ್ಲಿ ಸುಮಾರು 15,000 ಸಣ್ಣ ರೋಮಕೋಶಗಳು ಇರುತ್ತವಂತೆ. ಹೋದವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ದೊಡ್ಡ ಸದ್ದಿಗೆ ಮೊದಲು ಪೆಟ್ಟು ಬೀಳುವುದು ತೆಳು ಸ್ವರ ಹಿಡಿಯುವ ಕೋಶಗಳಿಗೆ. ನನ್ನ ಗ್ರಾಫಿನಲ್ಲಿ 4,000 ಹರ್ಟ್ಸ್ ಹತ್ತಿರ ಗೆರೆ ದಬಕ್ಕನೆ ಕೆಳಗೆ ಇಳಿದಿತ್ತು. ಆ ಜಾಗದಿಂದ ಬರಬೇಕಾದ ಸದ್ದು ಬರದೇ ಹೋದಾಗ ಮೆದುಳು ಇನ್ನೂ ಜಾಸ್ತಿ ಕಿವಿಗೊಡುತ್ತದೆ. ಆಗ ಇಲ್ಲದ ಸದ್ದು ಕೇಳಿಸುತ್ತದೆ. ನಿಮ್ಮ ಸ್ಟೆಬಿಲೈಸರ್ ಕೂಗಿದ್ದು ಹಾಗೆ.

ಇನ್ನೊಂದು ಕೇಳಿ. 1953ರಲ್ಲಿ ಅಮೆರಿಕದಲ್ಲಿ, ಕಿವಿ ಚೆನ್ನಾಗಿಯೇ ಇದ್ದ 80 ಮಂದಿಯನ್ನು ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿದರು. ನೂರಕ್ಕೆ 94 ಮಂದಿ ಏನೋ ಒಂದು ಸದ್ದು ಕೇಳಿಸಿತು ಅಂದರು. ಹಾಗಾಗಿ ನೀವು ಮೌನ ಹುಡುಕಿಕೊಂಡು ಹೋಗಬೇಡಿ. ಮೌನವೇ ನಿಮ್ಮ ವೈರಿ! ರಾತ್ರಿ ಫ್ಯಾನ್ ಹಾಕಿ, ಇಲ್ಲ ಫೋನಿನಲ್ಲಿ ಮಳೆ ಸದ್ದು ಇಡಿ. ಜೋರಾಗಿ ಅಲ್ಲ. 'ಕೀ' ಇನ್ನೂ ಸ್ವಲ್ಪ ಕೇಳಿಸುತ್ತಿರಬೇಕು. ಪೂರ್ತಿ ಮುಚ್ಚಿಬಿಟ್ಟರೆ ಮೆದುಳಿಗೆ ಅದರ ರೂಢಿ ಆಗುವುದಿಲ್ಲ.

ನಮ್ಮ ಮನೆ ಕಡಲ ಬದಿಗೆ. ಬೆಂಗಳೂರಿನ ನೆಂಟರು ಬಂದರೆ ಅಲೆಯ ಗಲಾಟೆಗೆ ನಿದ್ದೆ ಬರಲಿಲ್ಲ ಅನ್ನುತ್ತಾರೆ. ನಮಗೆ ಅಲೆ ಕೇಳಿಸುವುದೇ ಇಲ್ಲ. ಈ ಸದ್ದಿನ ಕತೆಯೂ ಅದೇ, ಆದರೆ ವಾರದಲ್ಲಿ ಆಗುವ ಕೆಲಸ ಅಲ್ಲ, ತಿಂಗಳುಗಳೇ ಬೇಕು. ಇವತ್ತು ಎಷ್ಟಿದೆ, ನಿನ್ನೆಗಿಂತ ಜಾಸ್ತಿಯಾ ಅಂತ ನೋಡುತ್ತಾ ಕೂತರೆ ಇನ್ನೂ ತಡ. ನಿದ್ದೆ ಕೆಟ್ಟ ದಿನ, ಯಾರ ಹತ್ತಿರವೋ ಜಗಳ ಆದ ದಿನ ನನಗೆ ಜೋರು ಅನಿಸುತ್ತದೆ. ದವಡೆ ಬಿಗಿ ಹಿಡಿದರೂ ಸ್ವರ ಬದಲಾಗುತ್ತದೆ, ಹೆದರಬೇಡಿ, ಎಷ್ಟೋ ಜನರಿಗೆ ಹಾಗೆ ಆಗುತ್ತದೆ.

ಆಡಿಯಾಲಜಿಸ್ಟ್, ಮೈಸೂರು

ಚಂಡೆಯವರು ನನ್ನ ಕೆಲಸ ಮುಕ್ಕಾಲು ಮುಗಿಸಿದ್ದಾರೆ. ಉಳಿದದ್ದು ಹೇಳುತ್ತೇನೆ.

ಸರ್, ಟಿನಿಟಸ್‌ನಿಂದ ಕಿವುಡು ಬರುವುದಿಲ್ಲ. ಮಗ್ಗದ ಸದ್ದು ಹಾಗೇ ಬೀಳುತ್ತಿದ್ದರೆ ಅದರಿಂದ ಬರುತ್ತದೆ. ಡ್ರಾಪ್ಸ್ ತರಿಸಬೇಡಿ. ಟಿನಿಟಸ್ ಗುಣಪಡಿಸುತ್ತದೆ ಅಂತ ಸಾಬೀತಾದ ಮಾತ್ರೆ, ಹನಿ ಯಾವುದೂ ಇಲ್ಲ. ಅಮೆರಿಕದ ಇ.ಎನ್.ಟಿ. ವೈದ್ಯರ ಸಂಘ 2014ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಗಿಂಕೋ, ಜಿಂಕ್, ಮೆಲಟೋನಿನ್ ಬೇಡ ಎಂದೇ ಇದೆ. ಅದೇ ಮಾರ್ಗಸೂಚಿ ಸಿ.ಬಿ.ಟಿ. ಅನ್ನುವ ಮಾತಿನ ಚಿಕಿತ್ಸೆಯನ್ನು ಸೂಚಿಸುತ್ತದೆ. ಅದರಿಂದ ಸದ್ದು ಕಡಿಮೆ ಆಗುವುದಿಲ್ಲ, ಸದ್ದಿನ ಕಾಟ ಕಡಿಮೆ ಆಗುತ್ತದೆ. ಕೇಳಿಸುವುದು ಕಮ್ಮಿ ಆಗಿದ್ದರೆ ಶ್ರವಣ ಸಾಧನ ಹಾಕಿದಾಗ ಎಷ್ಟೋ ಜನರಿಗೆ 'ಕೀ' ಹಿಂದೆ ಸರಿಯುತ್ತದೆ. ಮಾನಸಗಂಗೋತ್ರಿಯ ಆಯಿಶ್‌ನಲ್ಲಿ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಪರೀಕ್ಷೆ ಮಾಡುತ್ತಾರೆ. ಹತ್ತಿರದಲ್ಲಿ ಆಡಿಯಾಲಜಿಸ್ಟ್ ಇದ್ದರೆ ಅಲ್ಲೂ ಆಗುತ್ತದೆ.

ಈ ಥ್ರೆಡ್ ಓದುವ ಬೇರೆಯವರಿಗೂ ಒಂದು ಮಾತು. ಒಂದೇ ಕಿವಿಯಲ್ಲಿ ಸದ್ದು, ನಾಡಿಯ ಜೊತೆಗೆ ಡಬ್ ಡಬ್ ಅನ್ನುವ ಸದ್ದು, ತಲೆ ತಿರುಗುವುದು ಇದ್ದರೆ 'ಇದು ಮಾಮೂಲಿ' ಅಂತ ಬಿಡಬೇಡಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಂತಾದರೆ ಅವತ್ತೇ ಇ.ಎನ್.ಟಿ. ಹತ್ತಿರ ಓಡಿ. ಅದಕ್ಕೆ ಸ್ಟೆರಾಯ್ಡ್ ಬೇಗ ಶುರುವಾದಷ್ಟೂ ಒಳ್ಳೆಯದು. ಸದ್ದಿನಿಂದ ಬದುಕೇ ಸಾಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಮಗ್ಗದಮನೆ, ದೊಡ್ಡಬಳ್ಳಾಪುರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಳೆ ಸದ್ದು ಇಟ್ಟು ಮಲಗಿದೆ. ನಿದ್ದೆ ಬಂತು, ಆದರೆ ಮಗಳು ನಿಜವಾಗಿ ಮಳೆ ಬಂತು ಅಂತ ಮಾಡಿಯ ಬಟ್ಟೆ ತೆಗೆಯೋಕೆ ಹೋದಳು.

ಒಂದು ಅನುಮಾನ. ಮಗ್ಗ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕಾ? ಕಿವಿ ಮುಚ್ಚಿದರೆ ಇನ್ನೊಂದು ಪಜೀತಿ. ಹೊಕ್ಕು, ಅಂದರೆ ಅಡ್ಡ ನೂಲು, ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ. ಆದರೆ ಲಾಳಿಯ ಹೊಡೆತ ಸ್ವಲ್ಪ ಹೆಚ್ಚುಕಮ್ಮಿ ಆದರೆ ನಮಗೆ ಗೊತ್ತಾಗುವುದು ಕಿವಿಯಿಂದಲೇ, ಅಲ್ವಾ?

ಆಡಿಯಾಲಜಿಸ್ಟ್, ಮೈಸೂರು

ಹತ್ತಿ ಸಾಲದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಒಂದು ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ ಆಗುತ್ತದೆ. 94ಕ್ಕೆ 1 ಗಂಟೆ ಮಾತ್ರ. ಲಾಳಿ ಮಗ್ಗದ ಶೆಡ್ ಇದನ್ನು ದಾಟುವುದು ಮಾಮೂಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ತಗೊಳ್ಳಿ. ಸುರುಳಿ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ತಳ್ಳಿ. ಅದು ತೆಳು ಸದ್ದನ್ನು ಜಾಸ್ತಿ ತಡೆಯುತ್ತದೆ, ಹೊಡೆತದ ದಪ್ಪ ಸದ್ದು ಬರುತ್ತಲೇ ಇರುತ್ತದೆ. ಮಗ್ಗದ ಹತ್ತಿರ ಮಾತ್ರ ಹಾಕಿ, ಮಲಗುವಾಗ ಬೇಡ.

ಚಂಡೆಯವ, ಕುಂದಾಪುರ

ಮೊದಲ ಕೆಲವು ದಿನ ಕೊಡದೊಳಗೆ ತಲೆ ಹಾಕಿದ ಹಾಗೆ ಅನಿಸುತ್ತದೆ. ಆಮೇಲೆ ತಪ್ಪು ಪೆಟ್ಟು ಬಿದ್ದರೆ ಪ್ಲಗ್ ಇದ್ದರೂ ಗೊತ್ತಾಗುತ್ತದೆ. ಭಾಗವತರ ಪದ ನನಗೆ ತಪ್ಪಿಲ್ಲ.

ಆಡಿಯಾಲಜಿಸ್ಟ್, ಮೈಸೂರು

ಪರೀಕ್ಷೆಗೆ ಹೋಗುವಾಗ ಮಗ್ಗದಿಂದ ಎದ್ದು ನೇರ ಹೋಗಬೇಡಿ ಸರ್. ಸದ್ದಿಗೆ ದಣಿದ ಕಿವಿ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. ಮಗ್ಗಕ್ಕೆ ರಜೆ ಇರುವ ದಿನದ ಮಾರನೇ ಬೆಳಿಗ್ಗೆ, ಮಗ್ಗ ಚಾಲೂ ಮಾಡುವ ಮೊದಲು ಹೋಗಿ. ಗ್ರಾಫ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.