ಅಪ್‌ಡೇಟ್: ಬಿಬಿಸಿ ಮೈಕ್ರೋದಲ್ಲಿ ಸಾಲಿಗೆ 80 ಅಕ್ಷರ, ಈಗ ಓದೋಕೆ ಆಗುತ್ತೆ

ಹಾಸನದ ನಮ್ಮ ಮನೆ ಅಟ್ಟದಲ್ಲಿ ಸಿಕ್ಕ ಬಿಬಿಸಿ ಮೈಕ್ರೋ ಅನ್ನೋ ಹಳೇ ಕಂಪ್ಯೂಟರ್ ಬಗ್ಗೆ ಹೋದ ವಾರ ಕೇಳಿದ್ದೆ. ಟಿವಿಯ ಆಂಟೆನಾ ಸಾಕೆಟ್‌ಗೆ ಕೊಟ್ಟರೆ ಸಾಲಿಗೆ 40 ಅಕ್ಷರ ಚೆನ್ನಾಗಿ ಬರುತ್ತೆ, 80 ಮಾಡಿದರೆ ಎಲ್ಲ ಕಲಸಿಹೋಗುತ್ತೆ ಅಂತ.

ಚಾನೆಲ್ ಮತ್ತೆ ಟ್ಯೂನ್ ಮಾಡಿದೆ, ಪ್ರಯೋಜನ ಆಗಲಿಲ್ಲ. 80 ಅಕ್ಷರ ಅಂದ್ರೆ ಸಾಲಿಗೆ 640 ಚುಕ್ಕಿ ಅಲ್ವಾ, ಆಂಟೆನಾ ದಾರಿಯಲ್ಲಿ ಅಷ್ಟು ಬಿಡಿಬಿಡಿಯಾಗಿ ಬರಲ್ಲ. ಕಂಪ್ಯೂಟರ್ ಹಿಂಬದಿಯ ವಿಡಿಯೋ ಔಟ್‌ನಿಂದ ನೇರ ಟಿವಿಯ ಎವಿ (ವಿಡಿಯೋ ಇನ್‌ಪುಟ್) ಸಾಕೆಟ್‌ಗೆ ಕೊಡಿ ಅಂದವರ ಮಾತೇ ಫಲಿಸಿತು. ಅದಕ್ಕೆ ಬೇಕಾದ, ತಿರುಗಿಸಿ ಕೂರಿಸುವ ಬಿಎನ್‌ಸಿ ಕನೆಕ್ಟರ್ ಸಿಸಿಟಿವಿ ಅಂಗಡಿಯಲ್ಲೇ ಸಿಕ್ಕಿತು. ಚಿತ್ರ ಕಪ್ಪು ಬಿಳುಪು, ಆದರೆ ಸಣ್ಣ ಎಮ್ ಅಕ್ಷರದ ಮೂರು ಕಾಲೂ ಬೇರೆ ಬೇರೆ ಕಾಣುತ್ತೆ. ತುಂಬಾ ಥ್ಯಾಂಕ್ಸ್!

ಇನ್ನೊಂದು ತಿಳಿಯಿತು. ಸಾಲಿಗೆ 40 ಅಕ್ಷರದ ಮೋಡ್ 7ರ (ಮೋಡ್ ಅಂದ್ರೆ ಪರದೆಯ ವಿಧ) ಪರದೆಗೆ 1 ಕೆಬಿ ಮೆಮೊರಿ ಸಾಕು, 80 ಅಕ್ಷರದ ಮೋಡ್ 3ಕ್ಕೆ 16 ಕೆಬಿ ಬೇಕು. ಮೆಷಿನ್‌ನಲ್ಲಿ ಇರೋದೇ 32 ಕೆಬಿ! ಪ್ರೋಗ್ರಾಂ ದೊಡ್ಡದಾದರೆ ಪರದೆಗೆ ಜಾಗ ಸಾಲದೆ, ಮೋಡ್ 3ಕ್ಕೆ ಹೋಗೋವಾಗ ‘ಬ್ಯಾಡ್ ಮೋಡ್’ ಅನ್ನುತ್ತೆ. ಗಾಬರಿ ಬೇಡ, ಮೆಷಿನ್ ಕೆಟ್ಟಿರಲ್ಲ.