ಸಹಾಯ ಬೇಕು: ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ದಾರೆ

ಎಲ್ಲರಿಗೂ ಶರಣು. ಭಾನುವಾರ ಗೆಳತಿ ಜೊತೆ ಕಲಬುರಗಿಯ ಒಂದು ಸ್ಟೈಲಿಶ್ ರೆಸ್ಟೋರೆಂಟಿಗೆ ಹೋಗಿದ್ದೆ. ಬೆಳಕು ಎಷ್ಟು ಮಂದ ಅಂದ್ರೆ, ಮೆನು ಓದೋಕೆ ಮೊಬೈಲ್ ಟಾರ್ಚ್ ಹಾಕಬೇಕಾಯಿತು. ಕರಿ ಕಲ್ಲಿನ ತಟ್ಟೆಯಲ್ಲಿ ಮೂರೇ ಮೂರು ಎಣ್ಣೆಗಾಯಿ, ಪಕ್ಕದಲ್ಲಿ ಅಂಗೈಯಗಲದ ಜೋಳದ ರೊಟ್ಟಿ! ರುಚಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ತಕರಾರು ಬಿಲ್ಲಿನದು. 5% ಜಿಎಸ್‌ಟಿ ಸರಿ. ಜೊತೆಗೆ 10% ಸರ್ವಿಸ್ ಚಾರ್ಜ್ ಯಾಕೆ? ತೆಗೆಯಿರಿ ಅಂದರೆ, "ಸಿಸ್ಟಮ್‌ನ್ಯಾಗೇ ಬರ್ತದ್ರಿ ಮೇಡಂ" ಅಂದ ಹುಡುಗ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಪ್ರಕಾರ ಹೋಟೆಲಿನವರು ಇದನ್ನ ತಾವಾಗಿಯೇ ಸೇರಿಸುವಂತಿಲ್ಲ ಅಲ್ವಾ? ಗೆಳತಿ ಎದುರು ಜಗಳ ಬೇಡ ಅಂತ ಸುಮ್ನೆ ಕೊಟ್ಟು ಬಂದೆ. ಬಿಲ್ ಇಟ್ಟುಕೊಂಡಿದ್ದೇನೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಯಾರಾದರೂ ಹಣ ವಾಪಸ್ ಪಡೆದಿದ್ದೀರಾ? ಏನೇನು ಕೇಳುತ್ತಾರೆ, ಸ್ವಲ್ಪ ಹೇಳ್ರಿ.