ಆಯಿ ಕಣ್ಣು, ಮಾವನ ಫಾರ್ವರ್ಡು

ಸಿರ್ಸಿ ಮಾವ: "ಪೊರೆ ಆಪರೇಷನ್ ಆದವರು ಗಮನಿಸಿ!! ಆಮೇಲೆ ಕಣ್ಣು ಕೆಂಪಾದ್ರೆ ಹೆದರಬೇಡಿ, ಉಳಿದ ಡ್ರಾಪ್ಸ್ 4 ದಿನ ಹಾಕಿ. ಎಲ್ಲರಿಗೂ ಕಳ್ಸಿ 🙏"
ಆಯಿಗೂ ಇದೇ ಆಗಿದ್ದು ನೋಡಿ. ನಂದು ಉಳಿದ ಬಾಟ್ಲಿ ಇದ್ದು, ಸಂಜೆ ಹಾಕ್ತೆ

ಹುಬ್ಬಳ್ಳಿ ಕೂಸು: ಮಾವಾ ತಡೀರಿ ತಡೀರಿ!! ಬಾಟ್ಲಿ ಮೇಲೆ ಎಂತ ಬರ್ದಿದೆ

ಸಿರ್ಸಿ ಮಾವ: ಪ್ರೆಡ್ನಿಸೊಲೋನ್. ನಂಗೆ ಒಂದೂವರೆ ತಿಂಗ್ಳು ಹಾಕ್ಸಿದ್ರು, ಎಂತೂ ಆಗಿಲ್ಲೆ

ಹುಬ್ಬಳ್ಳಿ ಕೂಸು: ಅದು ಸ್ಟೆರಾಯ್ಡು. ಡಾಕ್ಟ್ರು ನೋಡಿ ಕೊಟ್ರೆ ಒಳ್ಳೇದೇ, ಆದ್ರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಹರ್ಪಿಸ್ ವೈರಸ್ಸೋ ಫಂಗಸ್ಸೋ ಕೂತಿದ್ರೆ ಅದೇ ಡ್ರಾಪ್ಸು ಅದಕ್ಕೆ ಗೊಬ್ಬರ ಹಾಕ್ದಂಗೆ. ಆಪರೇಷನ್ ಆಗಿ ಎಷ್ಟು ದಿನ ಆಯ್ತು

ಕಾರವಾರ ಚಿಕ್ಕಮ್ಮ: 24 ದಿನ. ಮೊದ್ಲು ಚೊಲೋ ಕಾಣ್ತಿತ್ತು, ಪೇಪರ್ ಓದ್ತಿದ್ರು, ಈಗ 3 ದಿನದಿಂದ ಮಂಜು ಮತ್ತೆ ನೀರು ಸುರಿಯೋದು. ನೋವಿಲ್ಲ ಅಂತಾರೆ ಅದೇ ಸಮಾಧಾನ

ಹುಬ್ಬಳ್ಳಿ ಕೂಸು: ಸಮಾಧಾನ ಎಂತದು ಚಿಕ್ಕಮ್ಮ, ಹರ್ಪಿಸ್ ಆದ್ರೆ ಕಾರ್ನಿಯಾಕ್ಕೆ ಮುಟ್ಟಿದ್ದೇ ಸರಿ ತಿಳಿಯಲ್ಲ, ಅದಕ್ಕೇ ಮರಗಟ್ಟೋ ಡ್ರಾಪ್ಸ್ ಬಿಡೋ ಮೊದ್ಲು ಹತ್ತಿ ಎಳೆ ತಾಗಿಸಿ ನೋಡ್ತಾರೆ. ಮಂಜು ಬೆಳಿಗ್ಗೆ ಜಾಸ್ತಿ ಇದ್ದು ಮಧ್ಯಾಹ್ನಕ್ಕೆ ತಿಳಿ ಆಗ್ತದಾ?

ಕಾರವಾರ ಚಿಕ್ಕಮ್ಮ: ಇಲ್ಲ, ಇಡೀ ದಿನ ಒಂದೇ ತರ

ಹುಬ್ಬಳ್ಳಿ ಕೂಸು: ಹಾಂ. ಆಪರೇಷನ್ ಊತ ಆದ್ರೆ ಸಾಮಾನ್ಯ ಬೆಳಿಗ್ಗೆ ಹೆಚ್ಚು, ರಾತ್ರಿ ರೆಪ್ಪೆ ಮುಚ್ಚಿರ್ತದೆ ನೀರು ಆರಲ್ಲ. ಅದೂ ಚೊಲೋ ಕಂಡು ಆಮೇಲೆ ಕೆಟ್ಟಿದ್ದು ನಂಗೆ ಹಿಡಿಸ್ಲಿಲ್ಲ

ಕುಮಟಾ ಅಣ್ಣ: ಫೋಟೋ ಕಳ್ಸಿದ್ರೆ ನಿಂಗೆ ಹೇಳೋಕಾಗಲ್ವನೇ? ಅದೇ ಓದಿದ್ದಲ್ವಾ

ಹುಬ್ಬಳ್ಳಿ ಕೂಸು: ಫೋಟೋದಲ್ಲಿ ಕೆಂಪು ಕಾಣ್ತದೆ ಅಷ್ಟೇ ಅಣ್ಣಾ, ಫ್ಲೋರೆಸಿನ್ ಬಣ್ಣ ಹಾಕಿ ಸ್ಲಿಟ್ ಲ್ಯಾಂಪು ಅಂತ ಕಣ್ಣು ನೋಡೋ ಮೈಕ್ರೋಸ್ಕೋಪ್ ಇರ್ತದಲ್ಲ, ಅದ್ರ ನೀಲಿ ಬೆಳಕಲ್ಲಿ ನೋಡ್ಬೇಕು, ಕಾರ್ನಿಯಾದ ಮೇಲಿನ ಸಿಪ್ಪೆ ಎದ್ದಲ್ಲಿ ಹಸಿರು ಹೊಳೀತದೆ. ಮರದ ಕೊಂಬೆ ತರ ಕವಲು ಕವಲು, ತುದೀಲಿ ಮೊಗ್ಗಿನ ಹಂಗೆ ಗುಂಡಗಿದ್ರೆ ಹರ್ಪಿಸ್. ಸಣ್ಣ ಸಣ್ಣ ಚುಕ್ಕಿ ಆದ್ರೆ ಕಣ್ಣು ಒಣಗಿದ್ದೋ ಡ್ರಾಪ್ಸು ಕೆಡದಂಗೆ ಹಾಕೋ ಪ್ರಿಸರ್ವೇಟಿವ್ ಕಾಟವೋ ಇರ್ಬಹುದು. ಬಿಳಿ ಕಲೆ, ಅಂಚು ಹಕ್ಕಿ ಪುಕ್ಕದ ಹಂಗಿದ್ರೆ ಫಂಗಸ್ ಅನುಮಾನ, ಕೆರೆದು ಕೆಒಎಚ್ ಅನ್ನೋ ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು. ಮೂರಕ್ಕೂ ಮದ್ದು ಬೇರೆ ಬೇರೆ, ಹೊರಗಿಂದ ನೋಡಿದ್ರೆ ಮೂರೂ ಕೆಂಪೇ.
ಸಿಪ್ಪೆ ನಾರು ಕಣ್ಣಿಗೆ ತಾಗಿದ್ರೂ ಫಂಗಸ್ ಬರ್ಬಹುದು, ಅಮ್ಮಮ್ಮ ಅಡಕೆ ಸುಲಿಯೋಕೆ ಕೂತಿದ್ರಾ??

ಸಿರ್ಸಿ ಮಾವ: ... ಕೂತಿದ್ದು ಹೌದು. ಬೇಡ ಅಂದ್ರೆ ಕೇಳ್ತ ಅದು? ಕನ್ನಡಕ ಹಾಕ್ಯಂಡೇ ಇತ್ತು ಮಾರಾಯ್ತಿ

ಕುಮಟಾ ಅಣ್ಣ: ಮುಗೀತು 🤦

ಸಿರ್ಸಿ ಮಾವ: ನೀವು ಓದಿದವ್ರಿಗೆ ಹೆದ್ರಿಸೋದೇ ಕೆಲ್ಸ. ಇವತ್ತು ಭಾನುವಾರ, ನಾಳೆ ಕರ್ಕೊಂಡು ಹೋಪನ

ಹುಬ್ಬಳ್ಳಿ ಕೂಸು: ನಾಳೆ ಅಲ್ಲ ಇವತ್ತೇ, ಒಳಗೆ ಸೋಂಕಾಗಿದ್ರೆ ಗಂಟೆ ಲೆಕ್ಕ ಮಾವಾ. ಡಿಸ್ಚಾರ್ಜ್ ಚೀಟೀಲಿ ನಂಬರ್ ಇದ್ಯಾ ನೋಡಿ, ಆಪರೇಷನ್ ಮಾಡಿದಲ್ಲಿಗೇ ಫೋನ್ ಮಾಡಿ ಹೊರಡಿ. ಈಗ ಹಾಕ್ತಿರೋ ಡ್ರಾಪ್ಸನ್ನ ನಾವಾಗೇ ನಿಲ್ಸೋದೂ ಬೇಡ ಹೆಚ್ಚಿಸೋದೂ ಬೇಡ, ಅದನ್ನೂ ಅವರ ಹತ್ರನೇ ಕೇಳಿ

ಕಾರವಾರ ಚಿಕ್ಕಮ್ಮ: ನಂಬರ್ ಸಿಕ್ತು, ಎತ್ತಿದ್ರು. 3 ಗಂಟೆಗೆ ಬನ್ನಿ ಅಂದ್ರು

ಸಿರ್ಸಿ ಮಾವ: ಸರಿ ಕಾರು ತೆಗಿತೆ. ನನ್ನ ಬಾಟ್ಲಿ ಬಿಸಾಡಕ್ಕಾ ಹಂಗಾದ್ರೆ?

ಹುಬ್ಬಳ್ಳಿ ಕೂಸು: ನಿನ್ನೆ ಏನಾದ್ರೂ ಹಾಕಿದ್ರಾ ಅದನ್ನ, ನಿಜ ಹೇಳಿ

ಸಿರ್ಸಿ ಮಾವ: ಎರಡೇ ಹನಿ

ಹುಬ್ಬಳ್ಳಿ ಕೂಸು: ಬಾಟ್ಲಿ ಜೇಬಲ್ಲಿಟ್ಕೊಂಡು ಹೋಗಿ ಮಾವಾ, ಡಾಕ್ಟ್ರಿಗೆ ತೋರ್ಸಿ